ಪಟೇಲರಿಗೂ ಬಾಯಾರಿದ ಭಾಗ

ತನ್ನ ಮುಖ ಊರಿನ ಫೋನುಗಳಲ್ಲೆಲ್ಲ ಓಡಾಡುತ್ತಿದೆ ಎಂಬುದು ಹೈದರ್‌ಗೆ ತಿಳಿದದ್ದು ತಾನು ಓಡಿಸುವ ಬಸ್ಸಿನಲ್ಲೇ. ದೊಡ್ಡಬಳ್ಳಾಪುರದಿಂದ ಬೆಳಗಿನ ಪಾಳಿಯವರನ್ನು ತುಂಬಿಕೊಂಡು ಬಂದ ಬಸ್ಸು ಬಾಶೆಟ್ಟಿಹಳ್ಳಿಯ ಕಾರ್ಖಾನೆ ಗೇಟಿನ ಮುಂದೆ ಸರತಿಯಲ್ಲಿ ನಿಂತಿತ್ತು. ಹಿಂದಿನ ಸೀಟುಗಳಲ್ಲಿ ನಗು ಎದ್ದಿತು. ಬೇರೆ ಊರಿಂದ ಈಚೆಗೆ ಬಂದಿದ್ದ ಸುನಿಲ್‌ಕುಮಾರ್ ಎಂಬ ಫಿಟ್ಟರ್ ಎದ್ದು ಬಂದು ಫೋನನ್ನು ಚಾಲಕನ ಕಣ್ಣಿನ ಮುಂದೆ ಹಿಡಿದ.

"ಹೈದರಣ್ಣ, ಇದು ನೀನೇ ಅಲ್ವಾ? ಸುಳ್ಳು ಹೇಳ್ಬೇಡ ಗುರು, ಮೂಗು ಅದೇ ಐತೆ."

ಪರದೆಯ ಮೇಲಿದ್ದವನಿಗೆ ನಲವತ್ತು ಆಗಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡಿದ್ದ. ತಲೆಯಿಂದ ಮೀಸೆಗೆ, ಮೀಸೆಯಿಂದ ಅಂಗಿಗೆ ನೀರು ಇಳಿಯುತ್ತಿತ್ತು. ಕೆಳಗೆ ಯಾರೋ ಬರೆದಿದ್ದರು: 'ಸೋಮವಾರ ಬೆಳಿಗ್ಗೆ ನಾನು.'

"ನಾನೇ. ಎಲ್ಲಿ ಸಿಕ್ತು?"

"ಟಿವೀಲಿ ಬರ್ತೈತಲ್ಲಣ್ಣ ಮಧ್ಯಾಹ್ನ, ಹಳೇ ಕಾಮಿಡಿ. ನಿನ್ನ ಸಖತ್ ಬಕ್ರಾ ಮಾಡ್ಬಿಟ್ಟವ್ರೆ!"

"ಆಮೇಲೆ ಏನಾಗುತ್ತೆ, ನೋಡಿದ್ಯಾ?"

"ಆಮೇಲೇನೈತೆ? ನೀನು ನೆಂದ್ಕೊಂಡು ಹೋಗ್ತೀಯ. ಜಾಹೀರಾತು ಬರ್ತೈತೆ. ಅಷ್ಟೇ."

ಹಿಂದಿನ ಗಾಡಿಯವನು ಹಾರನ್ ಹೊಡೆಯುವವರೆಗೆ ಹೈದರ್ ಬಸ್ಸನ್ನು ಮುಂದೆ ಬಿಡಲಿಲ್ಲ.

ಹೈದರ್ ನಟನಲ್ಲ. ದೊಡ್ಡಬಳ್ಳಾಪುರದಲ್ಲಿ ಕೊನೆಯದಾಗಿ ಜಟಕಾ ಓಡಿಸಿದ ನಾಲ್ಕಾರು ಜನರಲ್ಲಿ ಒಬ್ಬ. ಇಪ್ಪತ್ತು ವರ್ಷಗಳ ಹಿಂದೆ, ಊರಾಚೆಯ ಹಳ್ಳಿಯೊಂದರ ತೊಟ್ಟಿಮನೆಯಲ್ಲಿ ಜಿಪುಣ ಪಟೇಲರೊಬ್ಬರ ಕತೆಯ ಹಾಸ್ಯ ಧಾರಾವಾಹಿ ಚಿತ್ರೀಕರಣವಾಗುತ್ತಿತ್ತು. ಅವರಿಗೆ ಒಂದು ಜಟಕಾ ಬೇಕಾಗಿತ್ತು. ಗಾಡಿಯ ಜೊತೆ ಹೈದರ್ ಹೋದ.

ಬಿಡುವಿನಲ್ಲಿ ಅವನು ನೀರು ಕೇಳಿದ. ಮನೆಯ ಅಜ್ಜಿ ಚೊಂಬು ತಂದು, ಮೆಟ್ಟಿಲ ಮೇಲೆ ನಿಂತು, ತನ್ನ ಚೊಂಬು ಅವನ ಕೈಗೆ ತಾಗದಂತೆ ಎತ್ತರದಿಂದ ಅವನ ಬೊಗಸೆಗೆ ಹುಯ್ದಳು. ಅವನ ಅಪ್ಪನೂ ಆ ಕಡೆಯ ಮನೆಗಳಲ್ಲಿ ಹಾಗೇ ಕುಡಿದವನು. ಗುರಿ ತಪ್ಪಿ ನೀರೆಲ್ಲ ಅವನ ಮೈಮೇಲೆ ಬಿತ್ತು. ನೋಡುತ್ತಿದ್ದ ನಿರ್ದೇಶಕರು ಹೊಟ್ಟೆ ಹಿಡಿದು ನಕ್ಕರು. "ಸಾಬ್ರೇ, ಇದನ್ನ ಸೀನಿಗೇ ಹಾಕ್ತೀನಿ. ನೀವೇ ಮಾಡ್ಬೇಕು, ಪಟೇಲರು ಹುಯ್ತಾರೆ."

ಹೈದರ್ ಮುಖ ಒರೆಸಿಕೊಂಡು ಹೇಳಿದ್ದ: "ಹಾಕಿ ಸ್ವಾಮಿ. ಆದ್ರೆ ನಾನು ನೆಂದು ಸುಮ್ನೆ ಹೋಗೋನಲ್ಲ. ಪಟೇಲರಿಗೂ ಒಂದ್ಸಲ ಬಾಯಾರ್ಲಿ."

ನಿರ್ದೇಶಕರ ನಗು ನಿಂತಿತು. ಕೈ ಚಾಚಿದರು. "ಮಾತು ಕೊಟ್ಟೆ. ಎರಡೂ ಇರ್ತವೆ."

ಎರಡೂ ಇದ್ದವು. ಮೊದಲ ಭಾಗದಲ್ಲಿ ಪಟೇಲರು ನೀರು ಹುಯ್ಯುತ್ತಾರೆ, ಹೈದರ್ ನೆನೆಯುತ್ತಾನೆ, ಮನೆಮಂದಿ ನಗುತ್ತಾರೆ. ಎರಡನೆಯದರಲ್ಲಿ ಉರಿಬಿಸಿಲಿನ ದಾರಿ. ಪಟೇಲರಿಗೆ ಬಿಕ್ಕಳಿಕೆ ಹತ್ತಿ ಮಾತೇ ಹೊರಡದು. ಸುತ್ತ ಒಂದು ಮನೆಯಿಲ್ಲ. ಜಟಕಾದಲ್ಲಿ ಹೈದರನ ಮಣ್ಣಿನ ಹೂಜಿ ಮಾತ್ರ. ಅವನು ಗಾಡಿ ನಿಲ್ಲಿಸಿ, ಹೂಜಿ ಕೈಗೆತ್ತಿಕೊಂಡು, ಬಹಳ ವಿನಯದಿಂದ ಕೇಳುತ್ತಾನೆ: "ಎತ್ತಿ ಹುಯ್ಲಾ ಪಟೇಲ್ರೇ, ಇಲ್ಲ ಲೋಟ ಕೊಡ್ಲಾ?"

ಪಟೇಲರು ಕುದುರೆಯನ್ನು ನೋಡುತ್ತಾರೆ, ದಾರಿಯನ್ನು ನೋಡುತ್ತಾರೆ. ಕೊನೆಗೆ ಬಿಕ್ಕಳಿಸುತ್ತಲೇ, "ಲೋಟ ಕೊಡಪ್ಪಾ" ಎನ್ನುತ್ತಾರೆ. ಹೈದರ್ ಲೋಟ ಕೊಡುತ್ತಾನೆ. ಅವನು ನಗುವುದಿಲ್ಲ.

ಆ ಮಾತು ಊರಿಗೆ ಅಂಟಿಕೊಂಡಿತು. ಮಗ್ಗದ ಮನೆಗಳಲ್ಲಿ, ಹೋಟೆಲಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ನೀರು ಬಡಿಸುವವರು "ಎತ್ತಿ ಹುಯ್ಲಾ, ಲೋಟ ಕೊಡ್ಲಾ?" ಎಂದರೆ ಎದುರಿನವರು ಬಿಕ್ಕಳಿಸಿ ತೋರಿಸುತ್ತಿದ್ದರು. ಜಟಕಾ ನಿಂತುಹೋಯಿತು, ಕುದುರೆ ಸತ್ತಿತು, ಹೈದರ್ ಬಸ್ಸು ಹತ್ತಿದ. ಆದರೂ ಅವನು ಪಟೇಲರಿಗೆ ಲೋಟ ಕೊಟ್ಟ ಹೈದರ್.

ಬಸ್ಸಿನಲ್ಲಿ ಆ ಚಿತ್ರ ಕಂಡ ವಾರದ ಭಾನುವಾರ ಅದೇ ಕಂತಿನ ಮರುಪ್ರಸಾರವನ್ನು ಅವನೂ ಹೆಂಡತಿ ವಹೀದಾಳೂ ಕಣ್ಣಾರೆ ಕಂಡರು. ನೀರು ಹುಯ್ದದ್ದು ಪೂರ್ತಿ ಇತ್ತು. ನಗುವಿನ ಸದ್ದನ್ನು ಹೊಸದಾಗಿ ಇನ್ನಷ್ಟು ಸೇರಿಸಿದ್ದರು. ಆಮೇಲೆ ಸೋಪು, ಅಡುಗೆ ಎಣ್ಣೆ, ನಿವೇಶನದ ಜಾಹೀರಾತು. ಅದಾದ ಮೇಲೆ ಪಟೇಲರು ಬಿಕ್ಕಳಿಕೆಯಿಲ್ಲದೆ ಬಸ್ ನಿಲ್ದಾಣದಲ್ಲಿ ಇಳಿಯುತ್ತಿದ್ದರು.

ನಿರ್ದೇಶಕರು ತೀರಿಕೊಂಡು ವರ್ಷಗಳಾಗಿದ್ದವು. ಹೈದರ್ ವಾಹಿನಿಗೆ ಫೋನು ಮಾಡಿದ. ನಾಲ್ಕು ಕೈ ದಾಟಿ ಅದು ಶಶಿರೇಖಾ ಎಂಬ ಅಧಿಕಾರಿಗೆ ಮುಟ್ಟಿತು. ಆಕೆ ಒರಟಾಗಿ ಮಾತಾಡಲಿಲ್ಲ.

"ಸರ್, ಆವಾಗ ಜಾಹೀರಾತು ಕಮ್ಮಿ ಇತ್ತು, ಈಗ ಜಾಸ್ತಿ. ಎಲ್ಲಾದ್ರೂ ಕತ್ತರಿಸ್ಲೇಬೇಕು. ಆ ಭಾಗದಲ್ಲಿ ನಗು ಕಮ್ಮಿ."

"ನಾನು ನೆನೆಯೋದ್ರಲ್ಲಿ ಜಾಸ್ತಿನಾ?"

"ಅದು ಕಾಮಿಡಿ ಅಲ್ವಾ ಸರ್. ಅದೂ ಅಲ್ದೆ ಇದು ಸೂಕ್ಷ್ಮ ಕಾಲ. ಪಟೇಲರಿಗೆ ನೀವು ಹಾಗೆ ಕೇಳೋದು ನೋಡಿ ಯಾರಿಗಾದ್ರೂ ಬೇಜಾರಾದ್ರೆ?"

"ಎತ್ತಿ ಹುಯ್ದಿದ್ದು ನೋಡಿ ಯಾರಿಗೂ ಬೇಜಾರಾಗಲ್ವಾ ಮೇಡಂ?"

ಆ ಕಡೆ ಆಕೆ ಏನೋ ಟೈಪು ಮಾಡಿದ ಸದ್ದು ಕೇಳಿಸಿತು. "ನಿಮ್ಮ ದೂರು ಬರ್ಕೊಂಡಿದೀನಿ ಸರ್. ಖಂಡಿತ ಸರಿ ಮಾಡ್ತೀವಿ."

ಬಸ್ಸಿನಲ್ಲಿ ನೆಂದ ಮುಖ ನಿಲ್ಲಲಿಲ್ಲ. ಸಂಬಳ ತಡವಾದರೆ ಅದು, ರಜೆ ಸಿಗದಿದ್ದರೆ ಅದು. ಒಂದು ದಿನ ಹೈದರ್ ಬಸ್ಸು ಹೊರಡುವ ಮುನ್ನ ಹಿಂದಕ್ಕೆ ತಿರುಗಿ ಎರಡನೇ ಭಾಗದ ಕತೆ ಹೇಳಿದ. ಸುನಿಲ್‌ಕುಮಾರ್ ಕಣ್ಣು ಹೊಡೆದ. "ಬಿಡಣ್ಣ, ಈಗ ಕಟ್ಕೊಂಡು ಹೇಳ್ತಿದ್ದೀಯ. ಇದ್ದಿದ್ರೆ ಟಿವೀಲಿ ಬರ್ತಿರ್ಲಿಲ್ವಾ?"

ನೆನೆದದ್ದು ಅವನನ್ನು ಎಂದೂ ನೋಯಿಸಿರಲಿಲ್ಲ. ಅದು ಅವನೇ ಒಪ್ಪಿ ನೆನೆದದ್ದು. ಈ ಮಾತು ನೋಯಿಸಿತು. ಇಪ್ಪತ್ತು ವರ್ಷ ಊರು ಆಡಿದ ಮಾತಿಗೆ ಅವನೀಗ ಸುಳ್ಳುಗಾರ.

ಮಳೆ ಬಿದ್ದು ರಾಗಿ ಬಿತ್ತನೆ ಮುಗಿಯುವ ಹೊತ್ತಿಗೆ ಧಾರಾವಾಹಿ ಮತ್ತೆ ಮೊದಲಿನಿಂದ ಶುರುವಾಯಿತು. ಆ ಕಂತಿನ ದಿನ ವಹೀದಾ ಅಕ್ಕಪಕ್ಕದವರನ್ನೂ ಕೂಗಿದ್ದಳು. ಪಟೇಲರು ಮನೆಯಿಂದ ಹೊರಟರು. ಸೋಪು, ಎಣ್ಣೆ, ನಿವೇಶನ. ಪಟೇಲರು ಬಸ್ ನಿಲ್ದಾಣದಲ್ಲಿದ್ದರು. ಬೊಗಸೆಯಿಲ್ಲ, ಚೊಂಬಿಲ್ಲ, ಹೂಜಿಯಿಲ್ಲ, ಜಟಕಾ ಸಹ ಇಲ್ಲ. ವಾಹಿನಿ ಸರಿ ಮಾಡಿತ್ತು.

ನೆರೆಯವರು ಚಹಾ ಕುಡಿದು ಎದ್ದು ಹೋದರು. ಹೈದರ್ ಫೋನು ಎತ್ತಿಕೊಂಡ.

"ನಕ್ಕೋ ಜೀ, ಬೇಡ," ಎಂದಳು ವಹೀದಾ. "ಈಗ ನಗೋಕೂ ಏನೂ ಉಳಿದಿಲ್ಲ. ಬಿಟ್ಬಿಡಿ."

"ಟಿವೀಲಿ ಉಳಿದಿಲ್ಲ. ಅವರ ಫೋನಲ್ಲಿ ನಾನು ಇನ್ನೂ ನೆನೀತಾನೇ ಇದೀನಿ."

ಶಶಿರೇಖಾಗೆ ಅವನ ದನಿ ನೆನಪಿತ್ತು. "ಮತ್ತೇನಾಯ್ತು ಸರ್? ನಿಮಗೆ ಅವಮಾನ ಆಗ್ತಿದ್ದ ಸೀನ್ ಪೂರ್ತಿ ತೆಗೆಸಿದ್ವಲ್ಲ?"

"ಅದನ್ನ ತೆಗೀರಿ ಅಂತ ನಾನು ಯಾವಾಗ ಕೇಳ್ದೆ ಮೇಡಂ? ನೀರು ಹುಯ್ದೋರು ನೀವಲ್ಲ. ಲೋಟ ಕಿತ್ಕೊಂಡೋರು ನೀವು. ಅದನ್ನ ವಾಪಸ್ ಇಡಿ. ಎರಡೂ ಇರ್ತವೆ ಅಂತ ಮಾತಾಗಿತ್ತು."

"ಯಾರ ಜೊತೆ ಮಾತಾಗಿತ್ತು ಸರ್? ಅವರ ಹೆಸರು ಹೇಳಿ, ಅವರಿಗೇ ಕೊಡ್ತೀನಿ ಲೈನು."

ಹೈದರ್ ನಿರ್ದೇಶಕರ ಹೆಸರು ಹೇಳಿದ. ತೀರಿಕೊಂಡಿದ್ದಾರೆ ಎಂದು ಮಾತ್ರ ಹೇಳಲಿಲ್ಲ. ಮಾತು ಕೊಟ್ಟವರು ಈಗಿಲ್ಲ ಎಂಬುದನ್ನು ವಾಹಿನಿಯ ಕಚೇರಿಯಲ್ಲೇ ಯಾರಾದರೂ ಕಂಡುಕೊಂಡು, ತನಗೆ ತಮ್ಮ ಬಾಯಿಂದಲೇ ಹೇಳಲಿ ಎಂದುಕೊಂಡ.

"ಒಂದ್ನಿಮಿಷ ಲೈನಲ್ಲಿರಿ ಸರ್." ಫೋನಿನಲ್ಲಿ ಸಂಗೀತ ಶುರುವಾಯಿತು. ವಹೀದಾ ಎದುರಿಗೆ ತಂದಿಟ್ಟ ನೀರಿನ ಲೋಟವನ್ನು ಅವನು ಮುಟ್ಟಲಿಲ್ಲ, ಫೋನನ್ನೂ ಕಿವಿಯಿಂದ ತೆಗೆಯಲಿಲ್ಲ.