ಕೂದಲು ಕತ್ತರಿಸದ ಕತ್ತರಿ

ಹೊಳವನಹಳ್ಳಿಯ ಹುಣಸೆಮರದ ಕೆಳಗೆ ಇನ್ನೂ ನಸುಗತ್ತಲೆ. ದೊಡ್ಡರಂಗಪ್ಪ ಗೋಣಿತಾಟು ಹಾಸಿ, ಕ್ಷೌರದ ಚೀಲ ಬಿಚ್ಚಿ, ಸಾಣೆಕಲ್ಲಿಗೆ ಎರಡು ಹನಿ ನೀರು ಬಿಟ್ಟು ಕತ್ತಿ ಮಸೆಯುತ್ತಿದ್ದಾರೆ. ಆರೇಳು ಜನ ಆಗಲೇ ಬಂದು ಕುಕ್ಕರುಗಾಲಿನಲ್ಲಿ ಕೂತು ಬೀಡಿ ಹಚ್ಚಿದ್ದಾರೆ. ಮೊದಲ ಸರದಿ ಇಪ್ಪತ್ತೆರಡು ವರ್ಷದ ಒಬ್ಬ ತರುಣನದು. ಅವನ ತಲೆಯ ಮೇಲೆ ಕತ್ತರಿ ಕಚಕಚ ಆಡುತ್ತಿದೆ. ನಾನು ಕಣ್ಣು ಕಿರಿದು ಮಾಡಿ ನೋಡುತ್ತೇನೆ. ಸದ್ದು ಜೋರಾಗಿದೆ, ಹೆಗಲ ಮೇಲಿನ ಬಟ್ಟೆಗೆ ಒಂದು ಎಳೆ ಕೂದಲೂ ಬೀಳುತ್ತಿಲ್ಲ.

ಕತ್ತರಿ ಗಾಳಿಯಲ್ಲಿ ಆಡುತ್ತಿದೆ. ಆ ಸದ್ದಿನ ಮರೆಯಲ್ಲಿ ತರುಣನ ತುಟಿ ಅಲ್ಲಾಡುತ್ತಿದೆ. ದೊಡ್ಡರಂಗಪ್ಪನವರ ಕಿವಿ ಅವನ ಬಾಯಿಯ ಹತ್ತಿರವಿದೆ. ಕನ್ನಡಿ ಬೋರಲು ಬಿದ್ದಿದೆ. ಮೂರು ಮಾರು ಆಚೆ ಕೂತವರಿಗೆ ಕೇಳಿಸುವುದು ಕತ್ತರಿ ಮಾತ್ರ.

ಆ ಹುಡುಗ ಏನು ಹೇಳಿದ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಆದರೆ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಹಳ್ಳಿಗಳಿಂದ ಹತ್ತಾರು ಮೈಲಿ ನಡೆದು ಬಂದಾದರೂ ಸರಿ, ಹರೆಯದ ಗಂಡಸರು ಈ ಹುಣಸೆಮರಕ್ಕೇ ಬಂದು ತಲೆ ಕೊಡುತ್ತಾರಲ್ಲ, ಅದರ ಕಾರಣವನ್ನು ಹೇಳದೆ ಈ ಲೇಖನ ಬರೆಯಲಾಗದು. ಮದುವೆಯಾಗಿದೆ, ಹೆಂಡತಿಯ ಮೇಲೆ ಪ್ರೀತಿ ಇದೆ, ಮೈ ಮಾತ್ರ ಮಾತು ಕೇಳುವುದಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದ ನಮ್ಮ ಹಿರಿಯರು, ಮಲಗಿದ ಮೇಲೆ ಶುರುವಾಗುವ ಸಂಕಟಕ್ಕೆ ಒಂದು ಗಾದೆಯನ್ನೂ ಕಟ್ಟಲಿಲ್ಲ. ಅದನ್ನು ಹೇಳಿಕೊಳ್ಳಲು ಗಂಡಸಿಗೆ ಜಾಗವೇ ಇಲ್ಲ. ಸುತ್ತಿನ ನಾಲ್ಕು ತಾಲ್ಲೂಕಿಗೆ ಇರುವ ಜಾಗ ಈ ಗೋಣಿತಾಟು ಒಂದೇ.

"ಕಣ್ಮುಚ್ಕೊಂಡು ಕತ್ ಒಡ್ಕೊಂಡು ಕೂತಿರ್ತಾನಲ್ಲ ಸ್ವಾಮಿ, ಆಗ ಗಂಡಸ್ಗೆ ಸುಳ್ಳು ಬರಾಕಿಲ್ಲ. ನನ್ ಮಕ ನೋಡಂಗಿಲ್ಲ, ನಾನೂ ಅವನ್ ಮಕ ನೋಡಾಕಿಲ್ಲ. ಎಂಗೋ ಬಾಯ್ ಬುಡ್ತಾನೆ" ಎನ್ನುತ್ತಾರೆ ದೊಡ್ಡರಂಗಪ್ಪ.

ಐವತ್ತರ ಹತ್ತಿರದ ವಯಸ್ಸು. ಸಣಕಲು ಮೈ, ನೆಟ್ಟಗೆ ನಿಲ್ಲದ ಎಡ ಮೊಣಕಾಲು. ತಂದೆಯಿಂದ ಬಂದ ಏಳು ಹಳ್ಳಿಯ ಕ್ಷೌರ ಇವರದು. ಜರ್ಮನ್ ಯುದ್ಧಕ್ಕೆ ನಮ್ಮ ಸಂಸ್ಥಾನದ ಕುದುರೆ ಪಡೆ ಹೊರಟಾಗ ಸಿಪಾಯಿಗಳ ಗಡ್ಡ ಹೆರೆಯಲು ಹಡಗು ಹತ್ತಿದವರು. ಮರಳುಗಾಡಿನ ಡೇರೆಯಲ್ಲಿ ಪಡೆಯ ಡಾಕ್ಟರಿಗೂ ಇವರದೇ ಕತ್ತಿ. ಗುಂಡಿನ ಸದ್ದಿಗೆ ಬೆಚ್ಚಿದ ಎಳೆಯ ಸಿಪಾಯಿಗಳು ಗಂಡಸುತನ ಹೋಯಿತೆಂದು ಅಳುವುದನ್ನೂ, ಡಾಕ್ಟರು ಅವರಿಗೆ ಒಂದೊಂದೇ ಪ್ರಶ್ನೆ ಕೇಳುವುದನ್ನೂ ಇವರು ಸೋಪಿನ ಬಟ್ಟಲು ಹಿಡಿದು ನಿಂತು ಕೇಳಿಸಿಕೊಂಡರು. ಕಲಿತದ್ದು ಅಷ್ಟೇ. ಆ ಪ್ರಶ್ನೆಗಳನ್ನೇ ನಮ್ಮ ಸೀಮೆಯ ಮಾತಿಗೆ ತಿರುಗಿಸಿಕೊಂಡು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದಾರೆ.

"ಮೊದ್ಲು ಕೇಳೋದು, ಕೋಳಿ ಕೂಗೋ ಒತ್ಗೆ ತಾನಾಗೇ ಮೈ ಎದ್ದಿರ್ತೈತೇನ್ಲಾ ಅಂತ. ಹೂಂ ಅಂದ್ರೆ ಮೈಯಾಗೆ ಕಾಯ್ಲೆ ಇಲ್ಲ, ಮನಸ್ನಾಗೈತೆ. ಅಂಗಂದ್ರೆ ಸಾಕು, ಅರ್ಧ ಜನ ಅಲ್ಲೇ ಉಸ್ರು ಬುಡ್ತಾರೆ. ಇಲ್ಲ ಅಂದ್ರೆ, ನೀನು ಒಂದಕ್ ಕೂತ ಜಾಗ್ದಾಗೆ ಇರುವೆ ಮುತ್ತುತ್ತಾವಾ ಅಂತ ಕೇಳ್ತೀನಿ. ಮುತ್ತಿದ್ರೆ ಸಿಹಿಮೂತ್ರ. ಅದು ನನ್ ಕೈಲಿ ಆಗಾಕಿಲ್ಲ, ತುಮಕೂರಿಗೆ ಓಗು ಅಂತೀನಿ."

ಈಚಲು ಮರದಿಂದ ಬಿದ್ದು ಬೆನ್ನುಮೂಳೆ ನೋಯಿಸಿಕೊಂಡವನಿಗೂ ಆಸ್ಪತ್ರೆಯ ದಾರಿ ತೋರಿಸುತ್ತಾರೆ. ಹೆಂಡ, ಗಾಂಜಾ ಹತ್ತಿಸಿಕೊಂಡವನಿಗೆ ಬೈಗುಳವೇ ಔಷಧಿ. ಹಗಲೆಲ್ಲ ಬಾವಿಯಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೊಡೆದು ಸುಸ್ತಾಗಿ ಬಿದ್ದುಕೊಳ್ಳುವವನಿಗೆ ಎರಡು ದಿನ ನಿದ್ದೆ ಮಾಡಲು ಹೇಳುತ್ತಾರೆ. ವೀರ್ಯಧಾತು ಕರಗಿ ಹೋಗಿದೆ ಎಂದು ಸಂತೆಯ ಡೇರೆ ವೈದ್ಯರಿಂದ ಹೆದರಿಸಿಕೊಂಡು ಬಂದವರೇ ಹೆಚ್ಚು. ಪಾವಗಡದ ಕಡೆಯ ಒಬ್ಬ ಕೂತವನೇ, "ನೇನು ಮಗಾಡ್ನೇನಾ?" ಎಂದು ತೆಲುಗಿನಲ್ಲಿ ಕೇಳಿ ಗಳಗಳ ಅತ್ತನಂತೆ. ತಾನು ಗಂಡಸು ಹೌದೋ ಅಲ್ಲವೋ ಎಂದು ಇನ್ನೊಬ್ಬ ಗಂಡಸಿನ ಬಾಯಿಂದ ಕೇಳಲು ಅವನು ಎರಡು ದಿನ ನಡೆದಿದ್ದ.

ಹೆದರಿದವರಿಗೆ ದೊಡ್ಡರಂಗಪ್ಪ ಕೊಡುವುದು ಒಂದು ಅರಿಶಿನದ ದಾರ. ಮಂತ್ರ ಗಿಂತ್ರ ಏನೂ ಇಲ್ಲ, ಅವರೇ ನಗುತ್ತ ಒಪ್ಪುತ್ತಾರೆ. ದಾರ ಮನೆಯ ಹೆಂಗಸರಿಗಾಗಿ. ನಮ್ಮ ಕಡೆ ಪ್ರಸ್ತದ ದಿನ ಅತ್ತೆ, ಅತ್ತಿಗೆ, ಸೋದರತ್ತೆಯರು ಬಾಗಿಲ ಹೊರಗೆ ಚಾಪೆ ಹಾಸಿ, ಸೋಬಾನೆ ಹೇಳುತ್ತ ಬೆಳಗಾಗುವ ತನಕ ಕೂತಿರುತ್ತಾರೆ. ಬೆಳಿಗ್ಗೆ ಹುಡುಗಿಯನ್ನು ವಿಚಾರಿಸುತ್ತಾರೆ. ಆಗಲಿಲ್ಲವೆಂದರೆ ಮರುದಿನ ಮತ್ತೆ ಚಾಪೆ. ಆ ಬಾಗಿಲ ಒಳಗೆ ಯಾವ ಶೂರನಾದರೂ ಏನು ಮಾಡಿಯಾನು? ಅದಕ್ಕೇ ದೊಡ್ಡರಂಗಪ್ಪ ದಾರ ಕಟ್ಟಿ, ಇದು ಹರಕೆ, ಒಂದು ಮಂಡಲ ಗಂಡ ಹೆಂಡತಿ ಮುಟ್ಟಬಾರದು ಎಂದು ಮನೆಯಲ್ಲಿ ಹೇಳು ಎನ್ನುತ್ತಾರೆ. ಹರಕೆ ಎಂದ ಮೇಲೆ ಹೆಂಗಸರು ಚಾಪೆ ಸುತ್ತಿಡುತ್ತಾರೆ. ಆ ನಲವತ್ತೆಂಟು ದಿನ ಹುಡುಗ ಹುಡುಗಿ ಸುಮ್ಮನೆ ಮಾತಾಡಿಕೊಂಡಿರಬೇಕು, ಅಷ್ಟೇ.

"ಮಂಡ್ಲ ಪೂರ್ತಿ ಕಾಯೋರು ಕಮ್ಮಿ ಸ್ವಾಮಿ. ಮುಟ್ಬ್ಯಾಡ ಅಂದ್ರೆ ತಾನೆ ಮನಸಾಗೋದು" ಎಂದು ಕತ್ತಿಯನ್ನು ತೊಗಲಿನ ಪಟ್ಟಿಗೆ ಉಜ್ಜುತ್ತಾರೆ.

ದಿನಕ್ಕೆ ಹದಿನೆಂಟು ಇಪ್ಪತ್ತು ತಲೆ. ಅದರಲ್ಲಿ ಒಬ್ಬನೋ ಇಬ್ಬರೋ ಇಂಥವರು. ಇಷ್ಟು ವರ್ಷದಲ್ಲಿ ಎಷ್ಟು ಜನ ಎಂದು ಕೇಳಿದೆ. "ಲೆಕ್ಕ ಇಟ್ಟಿಲ್ಲ. ಎಣಿಸಾಕೆ ಕೂತ್ರೆ ಒಬ್ಬೊಬ್ರ ಮಕ ನೆಪ್ಪಾಯ್ತದೆ" ಎಂದರು. ಯಾವ ಮುಖ ನೆನಪಾಯಿತೆಂದು ನನಗೆ ಗೊತ್ತಾದದ್ದು ಮಧ್ಯಾಹ್ನ, ಅವರ ಮನೆಯ ಹಿತ್ತಿಲಲ್ಲಿ, ಮುದ್ದೆ ಉಂಡು ಕೂತಾಗ.

ಅವನನ್ನು ಕಾಟಪ್ಪ ಎನ್ನೋಣ, ಅವನ ಹೆಂಡತಿಯನ್ನು ಬೊಮ್ಮಕ್ಕ ಎನ್ನೋಣ. ಹೆಸರುಗಳು ನಾನು ಇಟ್ಟವು. ಹನ್ನೊಂದು ವರ್ಷದ ಹಿಂದಿನ ಮಾತು. ಆಗ ದೊಡ್ಡರಂಗಪ್ಪ ಇಂಥವರನ್ನು ಕಾಣುತ್ತಿದ್ದುದು ಮಂಗಳವಾರ, ಇದೇ ಹಿತ್ತಿಲಲ್ಲಿ. ಮಂಗಳವಾರ ನಮ್ಮಲ್ಲಿ ಯಾರೂ ತಲೆಗೆ ಕತ್ತಿ ಮುಟ್ಟಿಸುವುದಿಲ್ಲ. ಅಂದು ಕ್ಷೌರಿಕನ ಮನೆಗೆ ನರಪಿಳ್ಳೆಯೂ ಸುಳಿಯದು, ಗುಟ್ಟಿನ ಮಾತಿಗೆ ಅದೇ ಒಳ್ಳೆಯ ದಿನ ಎಂದು ಅವರ ಎಣಿಕೆ. ಕಾಟಪ್ಪನ ಮದುವೆಯ ಕ್ಷೌರ ಮಾಡಿದವರೂ ಇವರೇ. ಮೂರು ತಿಂಗಳಾದ ಮೇಲೆ ಅವನು ಒಂದು ಮಂಗಳವಾರ ಬಂದು, ಕತ್ತಿಯ ಮೇಲೆ ಇವರ ಕೈ ಇರಿಸಿ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿಸಿಕೊಂಡು ಬಾಯಿ ಬಿಟ್ಟ. ಮೈಯಲ್ಲಿ ದೋಷವಿರಲಿಲ್ಲ. ದಾರ ಕಟ್ಟಿಸಿಕೊಂಡು ಹೋದ.

"ಎರಡ್ನೇ ಮಂಗ್ಳಾರ ನಗ್ತಾ ಬಂದ ಸ್ವಾಮಿ. ಸಂಜೆ ಒತ್ತು ಎಂಡ್ತಿ ಜೊತೆ ಕಣದ್ ಕಲ್ಮೇಲೆ ಕೂತು ಮಾತಾಡ್ತೀನಿ ಕಣಣ್ಣ, ನಂಗೆ ಎದ್ರಿಕೆ ಓಗೈತೆ ಅಂದ. ಇನ್ನೆಲ್ಡು ವಾರ. ಅಷ್ಟೇ ಬೇಕಾಗಿದ್ದು."

ಮೂರನೇ ಮಂಗಳವಾರ ಅವನು ಹಿತ್ತಿಲಿಂದ ಹೊರಡುವಾಗ ಅರಳಿಕಟ್ಟೆಯ ಮೇಲಿದ್ದವರು ನೋಡಿದರು. ಯಾರೂ ಬರದ ದಿನ ಬಂದವನು ಎಲ್ಲರ ಕಣ್ಣಿಗೂ ಬೀಳುತ್ತಾನೆ ಎಂಬುದು ದೊಡ್ಡರಂಗಪ್ಪನವರಿಗೆ ಹೊಳೆದೇ ಇರಲಿಲ್ಲ. "ಮಂಗ್ಳಾರ ಎಂಥಾ ಕ್ಷೌರ ಮಾಡುಸ್ಕೊಂಡ್ಯೋ ಲೇ?" ಎಂದು ಒಬ್ಬ ಕೂಗಿದ. ಇನ್ನೊಬ್ಬ ಮಂಗಳವಾರದ ಮದುಮಗ ಎಂದು ಹೆಸರಿಟ್ಟ. ಊರ ಬಾಯಿಗೆ ಬೀಗ ಹಾಕುವವರು ಯಾರು? ಎರಡೇ ದಿನಕ್ಕೆ ಆ ಹೆಸರು ಅವನ ಹಳ್ಳಿಯ ಬಾವಿಕಟ್ಟೆಗೂ ಮುಟ್ಟಿತು.

ನಾಲ್ಕನೇ ಮಂಗಳವಾರ ಕಾಟಪ್ಪ ಬರಲಿಲ್ಲ. ಸಂತೆಯೊಂದರಲ್ಲಿ ಡೇರೆ ಹಾಕಿದ್ದ ಪರಸ್ಥಳದ ವೈದ್ಯನ ಹತ್ತಿರ ಹೋಗಿದ್ದ. ದೊಡ್ಡರಂಗಪ್ಪನವರಿಗೆ ಇದು ತಿಳಿದದ್ದು ಆಮೇಲೆ, ಸಂತೆಯಲ್ಲಿ ವಿಚಾರಿಸಿದಾಗ. ಒಂದೇ ದಿನಕ್ಕೆ ಗಂಡಸಾಗುವೆ ಎಂದು ಆತ ಪಾಷಾಣದ ಬೂದಿ ಕೊಟ್ಟು, ಅಕ್ಕಿಕಾಳಿನಷ್ಟು ಮಾತ್ರ ತಿನ್ನಬೇಕೆಂದು ಹೇಳಿದ್ದನಂತೆ. ಹುಡುಗನಿಗೆ ಅವಸರ. ಪೊಟ್ಟಣವನ್ನೆಲ್ಲ ಒಂದೇ ಸಲ ಬಾಯಿಗೆ ಹಾಕಿಕೊಂಡ. ಎರಡು ದಿನ ವಾಂತಿ ಮಾಡಿಕೊಂಡು ಸತ್ತ. ಊರಿನವರು ವಾಂತಿಭೇದಿ ಎಂದರು. ತಾಯಿ, ಸೊಸೆಯ ಕಾಲ್ಗುಣ ಎಂದಳು.

ಹೆಣಕ್ಕೆ ಕೊನೆಯ ಕ್ಷೌರ ಮಾಡುವುದೂ ದೊಡ್ಡರಂಗಪ್ಪನವರ ಪಾಲಿನ ಕೆಲಸವೇ. ಸೊಂಟದ ಬಟ್ಟೆಯ ಮಡಿಕೆಯಲ್ಲಿ ಆ ಪೊಟ್ಟಣದ ಖಾಲಿ ಕಾಗದ ಸಿಕ್ಕಿತು. ಅದನ್ನು ಚೀಲದೊಳಗೆ ಬಚ್ಚಿಟ್ಟುಕೊಂಡರು. "ಸುತ್ತ ಜನ ಅಳ್ತಾ ಅವ್ರೆ. ನಂಗೆ ಅವನ್ ಜೊತೆ ಒಂದ್ ಮಾತಾಡ್ಬೇಕು. ಕತ್ರಿ ತಗಂಡು ಸುಮ್ಕೆ ಗಾಳಿಯಾಗೆ ಆಡುಸ್ದೆ. ಆ ಸದ್ನಾಗೆ ಕಿವಿತಾವ ಬಗ್ಗಿ, ತಪ್ಪಾಯ್ತು ಕಣ್ ಮಗ, ಮಂಗ್ಳಾರ ಕರೀಬಾರ್ದಿತ್ತು ಅಂದೆ."

ಖಾಲಿ ಕತ್ತರಿ ಶುರುವಾದದ್ದು ಅಂದು. ಆಮೇಲೆ ಅವರು ಮಂಗಳವಾರ ಯಾರನ್ನೂ ಕರೆಯಲಿಲ್ಲ. ಹತ್ತು ಜನರ ನಡುವೆ, ಹಗಲ ಬೆಳಕಿನಲ್ಲೇ, ಕತ್ತರಿಯ ಸದ್ದಿನಲ್ಲಿ ಕೇಳುತ್ತಾರೆ. ಇದನ್ನು ಅಚ್ಚು ಹಾಕಿಸಿದರೆ ನಿಮ್ಮ ಗುಟ್ಟು ರಟ್ಟಾಗುವುದಿಲ್ಲವೇ ಎಂದು ಕೇಳಿದೆ. ಅವರು ನಕ್ಕರು. "ನಾನು ಎಲ್ಲಾರ್ ತಲೆ ಮೇಲೂ ಒಸಿ ಒತ್ತು ಖಾಲಿ ಆಡುಸ್ತೀನಿ ಸ್ವಾಮಿ. ಪಟೇಲರ್ ತಲೆ ಮೇಲೂವೆ. ಯಾವನು ಮಾತಾಡ್ದ, ಯಾವನು ತೂಕಡುಸ್ದ ಅಂತ ಯಾರು ಕಂಡಾರು?"

ಬೊಮ್ಮಕ್ಕ ತವರಿಗೆ ಹೋದಳು. ಐ.ಡಿ.ಹಳ್ಳಿಯ ಕಡೆ ಅಣ್ಣನ ಮನೆ. ಅವರಲ್ಲಿ ಕೂಡಿಕೆ ಮದುವೆ ಉಂಟು, ಹತ್ತೊಂಬತ್ತರ ಹುಡುಗಿ ಮತ್ತೆ ಸಂಸಾರ ಮಾಡಬಹುದಿತ್ತು. ಆದರೆ ಗಂಡನನ್ನು ತಿಂದುಕೊಂಡವಳೆಂದು ಬಂದ ಎರಡು ಸಂಬಂಧವೂ ಬಾಗಿಲಿಂದಲೇ ಹಿಂದಿರುಗಿದವು. ಸುದ್ದಿ ಕೇಳಿ ದೊಡ್ಡರಂಗಪ್ಪನವರಿಗೆ ನಿದ್ದೆ ಬರಲಿಲ್ಲ. ಆಣೆ ಮುರಿದರೆ ಸತ್ತವನಿಗೆ ದ್ರೋಹ, ಮುರಿಯದಿದ್ದರೆ ಬದುಕಿರುವವಳಿಗೆ ದ್ರೋಹ. ಕೊನೆಗೆ ಆ ಕಾಗದ ಕಟ್ಟಿಕೊಂಡು ಐ.ಡಿ.ಹಳ್ಳಿಯ ದಾರಿ ಹಿಡಿದರು. ಅವಳು ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಕುಲದವರ ಮುಂದೆ ಕಾಗದ ಇಟ್ಟು ಎಲ್ಲ ಹೇಳಿಬಿಡುತ್ತೇನೆ ತಾಯಿ, ನಿನ್ನ ತಪ್ಪಿಲ್ಲ ಎಂದು ಗೊತ್ತಾಗಲಿ ಎಂದರು.

ಅವಳು ಕೊಟ್ಟ ಉತ್ತರವನ್ನು ದೊಡ್ಡರಂಗಪ್ಪ ನನಗೆ ಎರಡು ಸಲ ಹೇಳಿದರು. "ಬ್ಯಾಡ ಕಣಣ್ಣ. ಕಣದ್ ಕಲ್ಮೇಲೆ ಕೂತು ಹದಿನಾಲ್ಕು ದಿನ ನಂಜೊತೆ ಮಾತಾಡೈತೆ ಆವಯ್ಯ. ಅಷ್ಟು ಮಾತ ನಂಜೊತೆ ಯಾರೂ ಆಡಿಲ್ಲ. ಒಂದ್ಸಲ ಕಟ್ಟೆ ಮೇಲಿನೋರು ಕೊಂದವ್ರೆ, ನೀನು ಇನ್ನೊಂದ್ಸಲ ಕೊಲ್ಲುಸ್ಬ್ಯಾಡ. ನನ್ನ ಏನಾರ ಅಂದ್ಕಳ್ಳಿ ಬುಡು."

ಕಾಗದವನ್ನು ಇಸಿದುಕೊಂಡು ಮಣ್ಣಿನಲ್ಲಿ ಹೂತಳಂತೆ. ಅವಳು ಇಂದಿಗೂ ಒಂಟಿಯಾಗಿ ಅಣ್ಣನ ಹೊಲದಲ್ಲಿ ದುಡಿಯುತ್ತಾಳೆ. ಕಾಟಪ್ಪನ ತಾಯಿ ಕಳೆದ ವರ್ಷ ತೀರಿಕೊಂಡ ಮೇಲೆ, ಯಾರಾದರೂ ಹೆಸರು ಹಾಕದೆ ಬರೆಯುವುದಾದರೆ ಬರೆಯಲಿ, ಇನ್ನೊಬ್ಬ ಹುಡುಗ ಆ ಬೂದಿ ತಿನ್ನದಿದ್ದರೆ ಸಾಕು ಎಂದು ಬೊಮ್ಮಕ್ಕ ದೊಡ್ಡರಂಗಪ್ಪನವರಿಗೆ ಹೇಳಿ ಕಳಿಸಿದ್ದಾಳೆ. ಆ ಮಾತಿನ ಬಲದ ಮೇಲೆ ನಾನು ಇದನ್ನು ಬರೆದಿದ್ದೇನೆ. ಓದಿದವರಲ್ಲಿ ಯಾರಿಗಾದರೂ ಅವಳು ಯಾರೆಂದು ತಿಳಿದುಹೋದರೆ, ತಿಳಿಯದವರಂತೆ ಇದ್ದುಬಿಡಿ ಎಂದು ಕೈಮುಗಿದು ಕೇಳುತ್ತೇನೆ.

ದೊಡ್ಡರಂಗಪ್ಪನವರಿಗೆ ಈ ಕೆಲಸದಿಂದ ಬಿಡಿಗಾಸಿನ ಲಾಭವಿಲ್ಲ. ಹೆಸರೇ ಇಲ್ಲದ ಕೆಲಸಕ್ಕೆ ಸುಗ್ಗಿಯಲ್ಲಿ ಯಾರು ರಾಗಿ ಅಳೆದಾರು? ವಾಸಿಯಾದವರು ಎದುರು ಸಿಕ್ಕರೂ ಮಾತಾಡಿಸದೆ ಹೋಗುತ್ತಾರೆ, ಅದೇ ಒಳ್ಳೆಯದು ಎನ್ನುತ್ತಾರೆ ಅವರು. ಏನಾದರೂ ಆಸೆ ಇದೆಯೇ ಎಂದು ಹೊರಡುವ ಮುಂಚೆ ಕೇಳಿದೆ. "ಪ್ರಸ್ತದ್ ಬಾಗ್ಲಾಗೆ ಚಾಪೆ ಆಕೋದು ನಿಂತ್ರೆ ಸಾಕು ಸ್ವಾಮಿ. ಅಂಗಾದ್ರೆ ನನ್ ದಾರನೂ ಬ್ಯಾಡ, ಕತ್ರಿನೂ ಬ್ಯಾಡ" ಎಂದರು.

ನಾನು ಹೋಗಿದ್ದು ಸೋಮವಾರ. ನಾಳೆ ನಿಮಗೆ ಬಿಡುವಲ್ಲವೇ, ಮಂಗಳವಾರ ಏನು ಮಾಡುತ್ತೀರಿ ಎಂದು ಸುಮ್ಮನೆ ಕೇಳಿಬಿಟ್ಟೆ. ದೊಡ್ಡರಂಗಪ್ಪ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದರು.

"ಕತ್ತಿ ಮುಟ್ಟಾಕಿಲ್ಲ. ಹಿತ್ಲ ಬಾಗ್ಲು ತೆಗೆದಿಟ್ಕೊಂಡು ಕೂತಿರ್ತೀನಿ. ನಾಕ್ನೇ ಮಂಗ್ಳಾರ ಅವ್ನು ಬರ್ಬೇಕಾಗಿತ್ತಲ್ಲ ಸ್ವಾಮಿ."