ಚುಕ್ಕಿ ಸಿಸ್ಟರ್

ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಕೂರುವ ನರ್ಸಿಗೆ ಅಲ್ಲಿಗೆ ಬರುವ ಹೆಂಗಸರೆಲ್ಲ ಸೇರಿ ಇಟ್ಟ ಹೆಸರು ಚುಕ್ಕಿ ಸಿಸ್ಟರ್. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಇಂಜೆಕ್ಷನ್ ಚುಚ್ಚಿದ್ದು ಗೊತ್ತೇ ಆಗದಂಥ ಕೈ. ಇಪ್ಪತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು, ಮಂಡಿ ಕೈಕೊಟ್ಟ ಮೇಲೆ ಈ ಕೂತು ಮಾಡುವ ಕೆಲಸಕ್ಕೆ ಬಂದವಳು.

ಕೆಲಸವೆಂದರೆ ಎರಡು ಉಂಗುರಗಳ ಹೋಲಿಕೆ. ಬೆರಳಿಗೆ ಹಾಕುವ ಉಂಗುರವಲ್ಲ. ಬಸಿರಾಗದಂತೆ ಹೆಂಗಸರು ತಾವೇ ಯೋನಿಯೊಳಗೆ ಇಟ್ಟುಕೊಳ್ಳುವ, ಬಳೆಗಿಂತ ಚಿಕ್ಕದಾದ ಮೆತ್ತನೆಯ ಉಂಗುರ. ಮೂರು ವಾರ ಒಳಗಿದ್ದು ದಿನಾ ಇಷ್ಟಿಷ್ಟೇ ಹಾರ್ಮೋನು ಬಿಡುತ್ತದೆ, ನಾಲ್ಕನೇ ವಾರ ಹೊರಗೆ. ಒಂದರಲ್ಲಿ ಹಾರ್ಮೋನಿನ ಪ್ರಮಾಣ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ನೋಡಲು ಎರಡೂ ಒಂದೇ. ಯಾರಿಗೆ ಯಾವುದು ಸಿಕ್ಕಿದೆಯೆಂದು ಹಾಕಿಕೊಂಡವಳಿಗೂ ತಿಳಿಯದು, ಕೊಟ್ಟ ಸಿಸ್ಟರ್‌ಗೂ ತಿಳಿಯದು. ಯಾವುದು ಮೈಗೆ ಹೇಗೆ ಒಗ್ಗುತ್ತದೆಂದು ಹೇಳಬೇಕಾದ್ದು ಕಾರ್ಡು. ಅದರಲ್ಲಿ ದಿನಕ್ಕೊಂದು ಮನೆ: ಏನೂ ಇಲ್ಲದಿದ್ದರೆ ಸೊನ್ನೆ, ಕಲೆ ಕಂಡರೆ ಒಂದು ಚುಕ್ಕಿ, ಹೆಚ್ಚು ರಕ್ತ ಹೋದರೆ ಎರಡು. ವಾಂತಿ, ತಲೆನೋವು ಬಂದರೆ ಕೆಳಗೆ ಬರೆಯಬೇಕು.

ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವ ಹೆಂಗಸೊಬ್ಬಳು ಮೂರನೇ ತಿಂಗಳ ಕಾರ್ಡು ತಂದಳು. ಸಾಲಾಗಿ ಸೊನ್ನೆ. ಕಾರ್ಡು ಮಡಿಕೆ ಬಿದ್ದಿಲ್ಲ, ಶಾಯಿ ಒಂದೇ. ಸಿಸ್ಟರ್ ಕನ್ನಡಕ ಏರಿಸಿದಳು.

"ಇವತ್ತು ಎಷ್ಟನೇ ದಿನ?"

"ಹತ್ತೊಂಬತ್ತು, ಸಿಸ್ಟರ್."

"ಇಪ್ಪತ್ತು, ಇಪ್ಪತ್ತೊಂದಕ್ಕೂ ಸೊನ್ನೆ ಹಾಕಿದ್ದೀಯಲ್ಲ ತಾಯಿ! ನಾಳೆ ಏನಾಗುತ್ತೆ ಅಂತ ಇವತ್ತೇ ಗೊತ್ತಾ ನಿನಗೆ? ಹಾಗಾದ್ರೆ ನನ್ನ ಮಂಡಿ ಯಾವತ್ತು ವಾಸಿಯಾಗುತ್ತೆ ಹೇಳು."

ಬೆಂಚಿನ ಮೇಲಿದ್ದವರು ಕಿಸಕ್ಕನೆ ನಕ್ಕರು. ಹೊಲಿಗೆಯವಳ ಮುಖ ಸಪ್ಪಗಾಯಿತು. ಸಿಸ್ಟರ್ ಅವಳನ್ನು ಪಕ್ಕದ ಪರದೆಯ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ಎಲ್ಲ ಹೊರಬಿತ್ತು. ಮೂರು ತಿಂಗಳಿಂದಲೂ ನಡುನಡುವೆ ಕಲೆ ಕಾಣುತ್ತಿತ್ತು.

"ಹೇಳಿದ್ರೆ ತೆಗೆದುಹಾಕ್ತೀರಿ ಅಂತ ಭಯ ಸಿಸ್ಟರ್. ಮಾತ್ರೆ ನುಂಗಿದ್ರೆ ದಿನವಿಡೀ ವಾಂತಿ ನನಗೆ. ಎರಡನೇ ಹೆರಿಗೇಲಿ ರಕ್ತ ನಿಲ್ಲದೆ ಸತ್ತು ಬದುಕಿದ್ದೀನಿ. ಈ ಉಂಗುರವೂ ಹೋದ್ರೆ ನಾನೇನು ಮಾಡ್ಲಿ?"

"ತೆಗೀತೀವಿ ಅಂತ ಯಾರು ಹೇಳಿದ್ದು?"

"ಬರೀ ಸೊನ್ನೆ ಇದ್ದೋರಿಗೆ ನಕ್ಷತ್ರ ಅಂಟಿಸ್ತೀರಿ. ಚುಕ್ಕಿ ಇದ್ದೋರಿಗೆ ಹತ್ತು ಪ್ರಶ್ನೆ ಕೇಳ್ತೀರಿ. ಇನ್ನೇನು ಅಂದ್ಕೋಬೇಕು?"

ಚೊಕ್ಕವಾಗಿ ತುಂಬಿಸಿದ ಕಾರ್ಡಿಗೆಂದು ಸಿಸ್ಟರ್ ತಾನೇ ಕೈಯಿಂದ ದುಡ್ಡು ಹಾಕಿ ಕೊಂಡು ತಂದ ಹೊಳೆಯುವ ನಕ್ಷತ್ರಗಳವು. ಚೊಕ್ಕ ಕಾಣುವುದು ಸೊನ್ನೆಯ ಕಾರ್ಡು ತಾನೆ! ಊರಿಗೆಲ್ಲ ಬುದ್ಧಿ ಹೇಳುವವಳಿಗೆ ಇದು ಹೊಳೆದಿರಲಿಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ನಾಚಿಕೆಯೂ ಆಯಿತು.

ಆಗಲೇ ಕುಂಟುತ್ತ, ಈ ಹೋಲಿಕೆ ನಡೆಸುತ್ತಿದ್ದ ಡಾಕ್ಟರಮ್ಮನ ಹತ್ತಿರ ಹೋಗಿ ತಪ್ಪು ತನ್ನದೇ ಎಂದು ಒಪ್ಪಿಕೊಂಡಳು.

"ಆಕೆಯನ್ನ ಬಿಡಿಸಬೇಡಿ ಮೇಡಂ. ಸುಳ್ಳು ಬರೆಯೋದು ಕಲಿಸಿದ್ದೇ ನಾನು."

"ಮೊದಲು ರಕ್ತ ಪರೀಕ್ಷೆ ಆಗ್ಲಿ. ಮೈಯಲ್ಲಿ ರಕ್ತ ಸರಿಯಾಗಿದ್ರೆ ಉಂಗುರ ಮುಂದುವರೀಲಿ. ಸುಳ್ಳು ಬರೆದ ಕಾರ್ಡುಗಳು ಮಾತ್ರ ಲೆಕ್ಕಕ್ಕಿಲ್ಲ," ಎಂದರು ಡಾಕ್ಟರಮ್ಮ.

ವರದಿ ಬರಲು ಎರಡು ದಿನ. ಆ ಎರಡು ದಿನ ಸಿಸ್ಟರ್‌ಗೆ ಊಟ ರುಚಿಸಲಿಲ್ಲ. ಕೈ ಸುಮ್ಮನಿರಲಾರದೆ ಹಳೆಯ ಕಾರ್ಡುಗಳಿಂದ ನಕ್ಷತ್ರಗಳನ್ನು ಉಗುರಿನಿಂದ ಕಿತ್ತಳು. ಬೆಂಚಿನವರನ್ನು ಕೇಳಿದಳು, "ಯಾರ್‍ಯಾರು ಬರೋ ಹಿಂದಿನ ದಿನ ಕೂತು ಇಡೀ ಕಾರ್ಡು ತುಂಬಿಸ್ತೀರಿ? ಬಯ್ಯಲ್ಲ, ನನ್ನಾಣೆ." ಒಂದು ಕೈ ಎದ್ದಿತು, ಆಮೇಲೆ ಐದು. ಬಯ್ಯಲೇಬೇಕೆನಿಸಿದರೂ ತುಟಿ ಕಚ್ಚಿಕೊಂಡು ಹೊಸ ಕಾರ್ಡು ಹಂಚಿದಳು.

"ಚುಕ್ಕಿ ಬಂದ್ರೆ ನಿಮ್ಮ ತಪ್ಪಲ್ಲ ಕಣ್ರಮ್ಮಾ. ಉಂಗುರದ ಗುಣ ಅದು. ಅದನ್ನ ಬರೆದ್ರೇನೇ ನಮಗೆ ತಿಳಿಯೋದು."

ಹೊಲಿಗೆಯವಳ ವರದಿ ಸರಿಯಾಗಿತ್ತು. ಉಂಗುರ ಅವಳ ಬಳಿಯೇ ಉಳಿಯಿತು. ಸಿಸ್ಟರ್ ವರದಿ ಓದಿ ಹೇಳಿದಾಗ ಅವಳು ಗಳಗಳನೆ ಅತ್ತುಬಿಟ್ಟಳು.

ವರ್ಷದ ಮೇಲೆ, ಯಾರಿಗೆ ಯಾವ ಉಂಗುರವೆಂಬ ಗುಟ್ಟು ಬಯಲಾಯಿತು. ಆ ಕೋಣೆಗೆ ಬಂದವರಲ್ಲಿ ಎರಡರಲ್ಲಿ ಯಾವುದನ್ನು ಹಾಕಿಕೊಂಡವಳೂ ಬಸಿರಾಗಿರಲಿಲ್ಲ. ಕಡಿಮೆ ಪ್ರಮಾಣದ್ದಕ್ಕೆ ಚುಕ್ಕಿ ಜಾಸ್ತಿ, ಹೆಚ್ಚಿನದ್ದಕ್ಕೆ ವಾಂತಿ ಜಾಸ್ತಿ. ಹೊಲಿಗೆಯವಳದ್ದು ಕಡಿಮೆಯದ್ದು. ಮುಂದಕ್ಕೆ ಬೇಕಾದ್ದನ್ನು ಆರಿಸಿಕೋ ಎಂದಾಗ ಅವಳು ಒಂದು ಕ್ಷಣವೂ ತಡಮಾಡಲಿಲ್ಲ.

"ನನಗೆ ಇದೇ ಇರಲಿ. ಚುಕ್ಕಿ ಜೊತೆ ಹೊಂದ್ಕೊಂಡಿದ್ದೀನಿ."

ಕೊನೆಯ ಕಾರ್ಡನ್ನು ಕೈಚೀಲದಿಂದ ತೆಗೆದು ಕೊಟ್ಟಳು. ಅದು ನಾಲ್ಕು ಮಡಿಕೆಯಾಗಿತ್ತು, ಮೂಲೆಗೆ ಮೆಷಿನ್ ಎಣ್ಣೆಯ ಕಲೆ, ಮೂರು ಬಣ್ಣದ ಶಾಯಿ, ಅಲ್ಲಲ್ಲಿ ಚುಕ್ಕಿ. ಸಿಸ್ಟರ್ ಅಭ್ಯಾಸಬಲದಿಂದ ನಾಳೆಯ ಮನೆಯ ಮೇಲೆ ಬೆರಳಿಟ್ಟಳು. ಖಾಲಿ.

"ಇದು?"

"ನಾಳೆ ಬರ್ಲಿ ಸಿಸ್ಟರ್," ಎಂದು ನಕ್ಕಳು ಹೊಲಿಗೆಯವಳು. "ಬಂದ ಮೇಲೆ ಬರೆದ್ರಾಯ್ತು."