ಗುಹೆಯೊಳಗೆ ಕರೆದ ಹೆಸರು

ನಮ್ಮತ್ತೆ ಗಂಡನ ಹೆಸರು ಹೇಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದೆಲ್ಲ ಇದರಿಂದಲೇ ಆದದ್ದು. ಅವರು ಪುಣೆಗೆ ಬಂದು ಅರ್ಧ ಆಯುಷ್ಯ ಕಳೆದಿದೆ. ತರಕಾರಿಯವನ ಜೊತೆ ಮರಾಠಿಯಲ್ಲಿ ಜಗಳ ಆಡಿ ಗೆದ್ದು ಬರುತ್ತಾರೆ, ಮೊಬೈಲಿನಲ್ಲಿ ಗ್ಯಾಸ್ ಬುಕ್ ಮಾಡುತ್ತಾರೆ, ಸೊಸೈಟಿಯ ಮೀಟಿಂಗಿನಲ್ಲಿ ನೀರಿನ ಟ್ಯಾಂಕರಿನ ವಿಷಯಕ್ಕೆ ಎದ್ದು ನಿಂತು ಮಾತಾಡುತ್ತಾರೆ. ಹೆಸರು ಮಾತ್ರ ಇಲ್ಲ. ಹೆಂಡತಿಯ ಬಾಯಲ್ಲಿ ಹೆಸರು ಬಂದರೆ ಗಂಡನ ಆಯುಷ್ಯ ಕರಗುತ್ತದೆ ಎಂದು ಅವರ ತಾಯಿ ಹೇಳಿಕೊಟ್ಟದ್ದು ಇನ್ನೂ ಹಾಗೇ ಇದೆ. ಮಾವನದು ಒಬ್ಬ ದೇವರ ಹೆಸರು. ಆ ದೇವರ ಆರತಿ ಹಾಡುವಾಗ ಕೂಡ ಆ ಪದ ಬಂದಲ್ಲಿ ಅತ್ತೆ ಗುಣುಗುಟ್ಟಿ ದಾಟಿಬಿಡುತ್ತಾರೆ. ಅರಿಶಿನ ಕುಂಕುಮಕ್ಕೆ ಹೋದಲ್ಲಿ ಹೆಂಗಸರು ಒತ್ತಾಯ ಮಾಡಿ ಒಡಪು ಹೇಳಿಸಿದರೆ, ಗಂಡನ ಹೆಸರಿನ ಜಾಗ ಬಂದಾಗ ಕೆಮ್ಮು ಬರುತ್ತದೆ. ಎಲ್ಲರೂ ನಗುತ್ತಾರೆ. ಅವರೂ ನಗುತ್ತಾರೆ, ಆದರೆ ಹೇಳುವುದಿಲ್ಲ.

ಮನೆಯಲ್ಲಿ ಮಾವನನ್ನು ಕರೆಯುವುದು ‘ಏನ್ರೀ’ ಎಂದು. ಮಾವ ಮೊದಲ ಕೂಗಿಗೆ ಓಗೊಟ್ಟದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ಕಂಡಿಲ್ಲ. ಮೂರು ಸಲ ಕರೆಸಿಕೊಳ್ಳದೆ ಕುರ್ಚಿ ಬಿಟ್ಟು ಏಳುವ ಆಸಾಮಿಯಲ್ಲ. ಅಷ್ಟರಲ್ಲಿ ಚಹಾ ಆರಿ, ಅತ್ತೆಯ ತಲೆ ಕಾದು, ನನಗೆ ಕೆಲಸಕ್ಕೆ ತಡವಾಗಿರುತ್ತದೆ.

ಮಾವನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು. ಅದನ್ನು ಬಿಟ್ಟು ವಾಕಡದ ನಮ್ಮ ಫ್ಲ್ಯಾಟಿನಲ್ಲಿ ಕೂತ ಮೇಲೆ ಅವರಿಗೆ ಟಿ.ವಿ.ಯೇ ಗತಿಯಾಯಿತು. ಅದರಲ್ಲಿ ಯಾರೋ ಹಗ್ಗ ಕಟ್ಟಿಕೊಂಡು ನೆಲದೊಳಗೆ ಇಳಿಯುವುದನ್ನು ನೋಡಿ ನೋಡಿ, ತಾವೂ ಒಮ್ಮೆ ದೊಡ್ಡ ಗುಹೆಯೊಳಗೆ ಹೋಗಬೇಕು ಎಂಬ ಹುಚ್ಚು ಹಿಡಿಯಿತು.

“ನೆಲದ ಕೆಳಗ ಹೋಗೋದು ಹೆಂಗಿದ್ರೂ ಇದ್ದೇ ಅದ. ಅವಸರ ಯಾಕ?” ಎಂದರು ಅತ್ತೆ.

ಆದರೂ ನನ್ನ ಗಂಡ ಟೂರು ಬುಕ್ ಮಾಡಿದ. ಚಾರಣ, ಹಗ್ಗದ ಮೇಲಿನ ನಡಿಗೆ ಇಂಥವನ್ನು ಮಾಡಿಸುವ ಇಲ್ಲಿಯದೇ ಒಂದು ಗುಂಪು, ಆಂಧ್ರದ ಕಡೆ ಒಂದು ಸುಣ್ಣಕಲ್ಲಿನ ಗುಹೆಗೆ ಜನರನ್ನು ಕರೆದುಕೊಂಡು ಹೋಗುತ್ತದೆ. ಎಲ್ಲರೂ ನೋಡುವ, ದೀಪ ಹಾಕಿದ ಭಾಗವಲ್ಲ. ಅದರ ಆಚೆ, ಹೆಲ್ಮೆಟ್ಟಿನ ಲೈಟು ಹಚ್ಚಿಕೊಂಡು ತೆವಳುವ ಭಾಗ. ಬುಕ್ ಮಾಡಿದವನಿಗೆ ಹೊರಡುವ ಹೊತ್ತಿಗೆ ಹಿಂಜವಾಡಿಯ ಆಫೀಸಿನಲ್ಲಿ ಕೆಲಸ ಬಂತು. ಯಾವಾಗಲೂ ಹಾಗೆಯೇ, ಆಡಿದವನು ಒಬ್ಬ, ಅನುಭವಿಸುವವಳು ಇನ್ನೊಬ್ಬಳು. ರಜೆ ಹಾಕಿ ನಾನು ಹೊರಟೆ. ಮಾವನನ್ನು ಒಬ್ಬರನ್ನೇ ಬಿಡಲಾರೆ ಎಂದು ಅತ್ತೆಯೂ ಹೊರಟರು. ಸೀರೆ ನಡೆಯುವುದಿಲ್ಲ ಎಂದಿದ್ದರಿಂದ ನನ್ನ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು, ಮೇಲೆ ದುಪಟ್ಟ ಹೊದ್ದರು. ಮಾವ ಅದನ್ನು ನೋಡಿ ಏನೋ ಹೇಳಲು ಹೋಗಿ, ಅತ್ತೆಯ ಮುಖ ನೋಡಿ ಬ್ಯಾಗು ಎತ್ತಿಕೊಂಡರು.

ಬಸ್ಸಿನಲ್ಲಿ ಹೆಚ್ಚಿನವರು ಕಂಪನಿಗಳ ಹುಡುಗ ಹುಡುಗಿಯರು. ಅತ್ತೆ ಮಾವನ ವಯಸ್ಸಿನವರೆಂದರೆ ಒಬ್ಬರು ಮರಾಠಿ ಕಾಕಾ, ಅವರ ಹೆಂಡತಿ. ಈ ಕಾಕಾಗೂ ನಮ್ಮ ಮಾವನಿಗೂ ಒಂದೇ ಎತ್ತರ, ಒಂದೇ ಹೊಟ್ಟೆ. ಕುರಕುಂಭ ಬರುವ ಹೊತ್ತಿಗೆ ಇಬ್ಬರೂ ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಹೋಲಿಸಿ ನೋಡಿ ಗೆಳೆಯರಾಗಿದ್ದರು. ಅಲ್ಲಿಯ ಕಾರ್ಖಾನೆಗಳ ವಾಸನೆಗೆ ಅತ್ತೆ ದುಪಟ್ಟದಿಂದ ಮೂಗು ಮುಚ್ಚಿಕೊಂಡು, ಒಳ್ಳೆ ಗಾಳಿ ಬಿಟ್ಟು ಗವಿ ಹೊಗಲಿಕ್ಕೆ ಹೊರಟಿದ್ದೇವೆ, ಹಣೆಬರಹ ಎಂದರು.

ಗುಹೆಯ ಬಾಯಲ್ಲಿ ನಮ್ಮ ಗೈಡ್ ನಿಯಮ ಹೇಳಿದಳು. ಚುರುಕಿನ ಮರಾಠಿ ಹುಡುಗಿ, ಮಾತು ಕಡಿಮೆ. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಒಂದೇ ಬಣ್ಣದ ಹೆಲ್ಮೆಟ್ಟು. ಸಾಲಾಗಿ ನಡೆಯಬೇಕು. ಮುಂದೆ ಅವಳು, ಕೊನೆಗೆ ಅವಳ ಸಹಾಯಕ. ದಾರಿ ಕವಲೊಡೆಯುವಲ್ಲೆಲ್ಲ ನಿಂತು, ಪ್ರತಿಯೊಬ್ಬರೂ ತಮ್ಮ ಹಿಂದೆ ಇರುವವರ ಹೆಸರು ಕೂಗಬೇಕು, ಅವರು ಓಗೊಡಬೇಕು. ಯಾರಾದರೂ ತಪ್ಪಿಸಿಕೊಂಡರೆ ಇದ್ದಲ್ಲೇ ಕೂರಬೇಕು, ಒಂದು ಹೆಜ್ಜೆಯೂ ಇಡಬಾರದು.

ಸಾಲಿನಲ್ಲಿ ನಾನು, ನನ್ನ ಹಿಂದೆ ಅತ್ತೆ, ಅವರ ಹಿಂದೆ ಮಾವ, ಮಾವನ ಹಿಂದೆ ಆ ಕಾಕಾ. ಅಂದರೆ ಅತ್ತೆ ಕೂಗಬೇಕಾದದ್ದು ಮಾವನ ಹೆಸರು.

ಆಗುವುದಿಲ್ಲ ಎಂದರು. ಗೈಡ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತನ್ನ ಅಜ್ಜಿಯೂ ಹೀಗೇ ಎಂದು ನಕ್ಕಳು. ನನಗೆ ಸಿಟ್ಟು ಬಂತು. ಹಾಗಾದರೆ ನನ್ನ ಜಾಗಕ್ಕೆ ಬನ್ನಿ, ನಾನು ಕೂಗುತ್ತೇನೆ ಎಂದೆ. ಸೊಸೆ ಮಾವನ ಹೆಸರು ಕೂಗುವುದೇ, ಇಷ್ಟು ಜನರ ಮುಂದೆ, ಎಂದು ಅತ್ತೆ ಕಣ್ಣು ಬಿಟ್ಟರು. ಕೊನೆಗೆ ಒಪ್ಪಂದವಾಯಿತು: ಅತ್ತೆ ಹಿಂದೆ ತಿರುಗಿ ನೋಡಿ, ಮಾವ ಇದ್ದರೆ ಕೈ ಎತ್ತಬೇಕು. ಇಷ್ಟೆಲ್ಲ ನಡೆಯುವಾಗ ಮಾವ ಗುಹೆಯ ಚಾವಣಿ ನೋಡುತ್ತ ನಿಂತಿದ್ದರು, ತಮಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ.

ಒಳಗೆ ಚಂದವೇ ಇತ್ತು. ಸುಳ್ಳು ಹೇಳಬಾರದು. ಮೊದಲು ತಂಪಾಗಿರಬಹುದು ಎಂದುಕೊಂಡಿದ್ದೆ, ಹಬೆಯಲ್ಲಿ ಕೂತ ಇಡ್ಲಿಯಂತೆ ಬೆವೆತೆವು. ಕಲ್ಲು ಕೆಲವು ಕಡೆ ಮೇಣದಂತೆ ನುಣುಪು, ಕೆಲವು ಕಡೆ ಇಳಿಬಿಟ್ಟ ಬಟ್ಟೆಯಂತೆ ಮಡಿಕೆ ಮಡಿಕೆ. ಅದನ್ನು ಮುಟ್ಟಿ ಮಾವ ಹಳೇ ಅಭ್ಯಾಸದಿಂದ ಬೆರಳಲ್ಲಿ ಉಜ್ಜಿ ನೋಡಿದರು. ಒಂದು ಕಡೆ ಹೊಟ್ಟೆಯ ಮೇಲೆ ತೆವಳಬೇಕಾಯಿತು. ನಾನು ಅಲ್ಲಿ ಗಂಡನಿಗೆ ಮನಸ್ಸಿನಲ್ಲೇ ಬೈದೆ. ಅತ್ತೆ ಮಾತ್ರ ಮೊಣಕೈ ಊರಿ ನನಗಿಂತ ಸಲೀಸಾಗಿ ಬಂದರು. ಹಿಂದಿನಿಂದ ಮಾವ, ಶಹಬ್ಬಾಸ್ ಎಂದರು.

ಆ ಇಕ್ಕಟ್ಟು ದಾಟಿದ ಮೇಲೆ ಒಂದು ಕವಲು. ಅಲ್ಲಿ ಅತ್ತೆ ಹಿಂದೆ ತಿರುಗಿ ನೋಡಿದರು, ಹೆಲ್ಮೆಟ್ಟು ಕಂಡಿತು, ಹೊಟ್ಟೆ ಕಂಡಿತು, ಕೈ ಎತ್ತಿದರು. ನಡೆದೆವು. ಮುಂದೆ ಒಂದು ದೊಡ್ಡ ಅಂಗಳದಂಥ ಜಾಗ ಬಂತು. ಎಲ್ಲರನ್ನೂ ಕೂರಿಸಿ ಗೈಡ್, ಈಗ ಲೈಟು ಆರಿಸಿ, ನಿಜವಾದ ಕತ್ತಲೆ ಎಂದರೇನು ನೋಡಿ ಎಂದಳು.

ಆರಿಸಿದೆವು. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಮುಖದ ಮುಂದೆ ಕೈ ಆಡಿಸಿದರೆ ಗಾಳಿ ತಾಗುತ್ತದೆ, ಕೈ ಕಾಣುವುದಿಲ್ಲ. ನಾನು ಕೂತ ಕಲ್ಲನ್ನೇ ಹಿಡಿದುಕೊಂಡೆ. ಅತ್ತೆಗೂ ಹೆದರಿಕೆಯಾಗಿರಬೇಕು, ಪಕ್ಕದಲ್ಲಿದ್ದ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಲೈಟು ಹತ್ತಿದಾಗ ನೋಡಿದರೆ ಆ ತೋಳು ಮರಾಠಿ ಕಾಕಾನದು. ಕಾಕಾ ಬಡಪಾಯಿ, ಬಿಡಿಸಿಕೊಳ್ಳಲೂ ಆಗದೆ ಕೂತಿದ್ದರು. ಅವರ ಹೆಂಡತಿ ಜೋರಾಗಿ ನಕ್ಕುಬಿಟ್ಟರು. ನಾನೂ ನಕ್ಕೆ. ಅತ್ತೆ ನಗಲಿಲ್ಲ. ಒಂದೊಂದೇ ಮುಖ ನೋಡುತ್ತ ಹೋದರು.

“ಇವರು ಎಲ್ಲಿ?” ಎಂದರು.

ಮಾವ ಇರಲಿಲ್ಲ.

ಆದದ್ದು ಇಷ್ಟು. ಅದು ಆಮೇಲೆ ತಿಳಿದದ್ದು. ಇಕ್ಕಟ್ಟಿನಲ್ಲಿ ತೆವಳಿ ಬಂದ ಮೇಲೆ ಮಾವನಿಗೆ ಒಂದಕ್ಕೆ ಅವಸರವಾಗಿದೆ. ಹುಡುಗಿಯರಿರುವ ಗುಂಪಿನಲ್ಲಿ ಹೇಳಲು ನಾಚಿಕೆ. ಸುಮ್ಮನೆ ಪಕ್ಕದ ಸಂದಿಯೊಳಗೆ ಹೋಗಿ, ಯಾರಿಗೂ ಕಾಣಬಾರದು ಎಂದು ತಲೆಯ ಲೈಟನ್ನೂ ಆರಿಸಿ ನಿಂತಿದ್ದಾರೆ. ಇನ್ನೂ ತೆವಳುತ್ತಿದ್ದ ಕಾಕಾ ಇದನ್ನು ಕಾಣದೆ ದಾಟಿ ಅತ್ತೆಯ ಹಿಂದೆ ಬಂದುಬಿಟ್ಟರು, ತಮ್ಮ ಹೆಸರನ್ನು ಯಾರೂ ಕೂಗದ್ದನ್ನೂ ಗಮನಿಸಲಿಲ್ಲ. ಕೊನೆಯ ಸಹಾಯಕನೂ ಸಂದಿಯಲ್ಲಿ ಬೆಳಕು ಕಾಣದೆ ದಾಟಿಬಿಟ್ಟ. ಹೆಸರು ಕೂಗಿದ್ದರೆ ಆ ಕವಲಿನಲ್ಲೇ ಗೊತ್ತಾಗುತ್ತಿತ್ತು. ಹೆಂಡತಿಯ ನಾಚಿಕೆಗೆ ಗಂಡನ ನಾಚಿಕೆ ಜೋಡಿಯಾಯಿತು, ಮಾವ ಕಾಣೆಯಾದರು.

ಸಹಾಯಕನ ಜೊತೆ ಉಳಿದವರನ್ನು ಅಲ್ಲೇ ಕೂರಿಸಿ, ಗೈಡ್ ನಮ್ಮಿಬ್ಬರನ್ನು ಕರೆದುಕೊಂಡು ಕವಲಿಗೆ ಹಿಂತಿರುಗಿದಳು. ಅಲ್ಲಿ ಮೂರು ಬಾಯಿಗಳಿದ್ದವು. ಯಾವುದರಲ್ಲೂ ಬೆಳಕಿಲ್ಲ. ಒಂದರ ಆಳದಲ್ಲಿ ನೀರಿನ ಸಪ್ಪಳ. ಅದರೊಳಗೆ ಇಳಿಜಾರಿದೆ, ಹಗ್ಗವಿಲ್ಲದೆ ಯಾರೂ ಹೋಗುವುದಿಲ್ಲ ಎಂದು ಅವಳು ಮೆಲ್ಲಗೆ ನನಗಷ್ಟೇ ಹೇಳಿದಳು. ಅವಳ ದನಿ ಬದಲಾಗಿತ್ತು. ಮಾವನನ್ನು ಅವಳು ಕಾಕಾ ಎಂದು, ನಾನು ಮಾಮಾ ಎಂದು ಒಟ್ಟೊಟ್ಟಿಗೆ ಕೂಗಿದೆವು. ಅಂಗಳದಲ್ಲಿ ಕೂತಿದ್ದ ಹುಡುಗರೂ ಕೂಗಿದರು. ಕಲ್ಲಿಗೆ ಬಡಿದು ಎಲ್ಲ ಕಲಸಿಹೋಗಿ ಬರೀ ಗದ್ದಲವಾಯಿತು. ಅವಳು ಎಲ್ಲರ ಬಾಯಿ ಮುಚ್ಚಿಸಿದಳು. ಒಬ್ಬರೇ ಕೂಗಿ, ಹೆಸರು ಹಿಡಿದು ಕೂಗಿ, ನಿಲ್ಲಿಸಿ ನಿಲ್ಲಿಸಿ ಕೂಗಿ ಎಂದು ನನಗೆ ಹೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡರು, ದೇವರ ಮುಂದೆ ನಿಂತವರ ಹಾಗೆ. ಆಮೇಲೆ ಮಾವನ ಹೆಸರು ಕೂಗಿದರು.

ಪೂರ್ತಿ ಹೆಸರು. ಒಂದಕ್ಷರ ನುಂಗಲಿಲ್ಲ. ಅವರ ಬಾಯಲ್ಲಿ ಅದು ಹೊಸ ಪದದಂತೆ ಕೇಳಿಸಿತು. ಗುಹೆ ಅದನ್ನು ಅಲ್ಲಿಂದ ಇಲ್ಲಿಂದ ತಿರುಗಿಸಿ ತಿರುಗಿಸಿ ಹೇಳಿತು. ಅದು ನಿಲ್ಲುವವರೆಗೆ ಅತ್ತೆ ಬಾಯಿಗೆ ಕೈ ಒತ್ತಿಕೊಂಡು ನಿಂತಿದ್ದರು. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದರು, ಇನ್ನೂ ಜೋರಾಗಿ. ಉತ್ತರವಿಲ್ಲ. ಇಷ್ಟು ಹೊತ್ತು ಇವರ ಮೇಲೆ ಇದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಈ ಹೆಂಗಸಿಗೆ ಏನೂ ಆಗದಿರಲಿ ದೇವರೇ ಎಂದುಕೊಂಡೆ.

ಆಗ ಅತ್ತೆಗೆ ರೇಗಿತು. ದಿನಾ ಅಡುಗೆಮನೆಯಿಂದ ರೇಗುವ ಹಾಗೆಯೇ.

“ಏನ್ರೀ! ಎಲ್ಲಿ ಕುಂತೀರಿ? ಎಷ್ಟು ಸಲ ಕರೀಬೇಕ್ರಿ ನಿಮ್ಮನ್ನ?”

“ಹ್ಞಾಂ, ಬಂದೆ, ಬಂದೆ,” ಎಂದಿತು ಕತ್ತಲೆ.

ಗೈಡ್ ಹಗ್ಗ ಹಿಡಿದು ಒಳಗೆ ಹೋಗಿ ಅವರನ್ನು ಕರೆದುಕೊಂಡು ಬಂದಳು. ಮೈಯೆಲ್ಲ ಕೆಸರು, ಲೈಟಿನ ಗುಂಡಿ ಕೆಸರು ಹಿಡಿದು ಹತ್ತಿರಲಿಲ್ಲ. ಅತ್ತೆ ಅವರನ್ನು ಮುಟ್ಟಲಿಲ್ಲ, ಬೈಯಲೂ ಇಲ್ಲ. ಅತ್ತೆ ಬೈಯದಿದ್ದದ್ದಕ್ಕೇ ನನಗೆ ಹೆದರಿಕೆಯಾಯಿತು.

ವಾಕಡಕ್ಕೆ ಬಂದ ಮೇಲೆ ಮಾವನಿಗೆ ನೆಗಡಿಯಾಯಿತು. ಅಷ್ಟು ಹೊತ್ತು ಒದ್ದೆಯಲ್ಲಿ ಕೂತವರಿಗೆ ಆಗದೆ ಇನ್ನೇನು? ಅತ್ತೆ ಊಟ ಬಿಟ್ಟರು. ಸೋಮವಾರ ಎಂದರು, ಆಮೇಲೆ ಮಂಗಳವಾರವೂ ಒಂದು ವ್ರತ ಹುಟ್ಟಿತು. ಚಹಾ ಬಿಟ್ಟರು. ಮಾವ ಸೀನಿದರೆ ಪಾತ್ರೆ ಕೆಳಗಿಟ್ಟು ಬಂದು ನೋಡುವರು. ರಾತ್ರಿ ಅವರ ಉಸಿರು ಕೇಳುತ್ತ ಎದ್ದು ಕೂರುತ್ತಾರೆಂದು ಅವರ ಕಣ್ಣೇ ಹೇಳುತ್ತಿತ್ತು. ಹೆಸರಿಗೂ ನೆಗಡಿಗೂ ಏನು ಸಂಬಂಧ ಎಂದು ನಾನು ಡಾಕ್ಟರ ಮಾತನ್ನೆಲ್ಲ ಹೇಳಿದೆ. ಹೌದವಾ ಹೌದು ಎಂದು ತಲೆ ಆಡಿಸಿ, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ತಾವು ಮಾತ್ರ ತಿನ್ನಲಿಲ್ಲ. ಮುಖ ಇಳಿದುಹೋಯಿತು. ಮಾವನಿಗೆ ಏನೂ ಆಗದೆ, ಇವರೇ ಹಾಸಿಗೆ ಹಿಡಿಯುತ್ತಾರೆ ಎಂದು ನನಗೆ ಖಾತ್ರಿಯಾಯಿತು.

ಒಂದು ಬೆಳಿಗ್ಗೆ ಅತ್ತೆ ಮಾವನನ್ನು ಕಡೆಗೂ ಕೇಳಿಯೇಬಿಟ್ಟರು. ನಾನು ಡಬ್ಬಿ ಕಟ್ಟುತ್ತಿದ್ದೆ. ಆವತ್ತು ಗವಿಯಲ್ಲಿ ನಾನು ಕರೆದದ್ದು ನಿಮಗೆ ಕೇಳಿಸಿತೇ ಎಂದು, ಮುಖ ನೋಡದೆ, ಒಲೆಯ ಕಡೆ ತಿರುಗಿಕೊಂಡು ಕೇಳಿದರು.

ಮಾವ ಪೇಪರಿನಿಂದ ತಲೆ ಎತ್ತದೆ, “ಏನ್ರೀ ಅಂದೆಲಾ, ಕೇಳಸ್ತು. ಬಂದೆ” ಎಂದರು.

“ಅದರ ಮೊದಲ?”

“ಮೊದಲ ಏನಿಲ್ಲ. ಬರೇ ಗದ್ದಲ. ಯಾಕ, ಏನಾರ ಅಂದಿದ್ದೇನು?”

“ಇಲ್ಲ ಬಿಡ್ರಿ,” ಎಂದರು ಅತ್ತೆ. ಕರೆಸಿಕೊಂಡವರಿಗೆ ಮುಟ್ಟಿದರೆ ತಾನೇ ಕರೆದ ಹಾಗೆ? ಅವರ ಲೆಕ್ಕ ಹಾಗಿತ್ತು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸ್ವಲ್ಪ ಹೊತ್ತಿಗೆ ತಮಗೂ ಒಂದು ಲೋಟ ಚಹಾ ಸೋಸಿಕೊಂಡರು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಡಬ್ಬಿಯನ್ನು ಅಲ್ಲೇ ಮರೆತು ಕೆಲಸಕ್ಕೆ ಹೊರಟೆ.

ಮಾವ ಡಬ್ಬಿ ಹಿಡಿದುಕೊಂಡು ಲಿಫ್ಟಿನವರೆಗೆ ಬಂದರು. ಕೊಟ್ಟು ಹೋಗಲಿಲ್ಲ, ನಿಂತರು.

“ಕೇಳಿಸಿತ್ತು,” ಎಂದರು. “ಎರಡೂ ಸಲ.”

ನಾನು ಬಂದ ಲಿಫ್ಟನ್ನು ಹೋಗಲು ಬಿಟ್ಟೆ.

“ನನ್ನ ಹೆಸರು ಹೆಂಗಸಿನ ದನಿಯಾಗ ಕೇಳಿ ಎಷ್ಟು ವರ್ಷ ಆತು. ನಮ್ಮವ್ವ ಹೋದ ಮ್ಯಾಲೆ ಯಾರು ಕರ್ದಾರ? ಕತ್ತಲಿ ಬ್ಯಾರೆ. ಅವ್ವನೇ ಕರೀಲಿಕತ್ತಾಳ ಅನಿಸ್ತು. ಕುಂತಲ್ಲೆ ಕುಂದ್ರಬೇಕು ಅಂತ ಗೊತ್ತಿತ್ತು. ಆದ್ರೂ ಎದ್ದೆ. ನೀರಿನ ಕಡಿಂದ ಬಂದಂಗಿತ್ತು ದನಿ. ಬಂದೆ ಯವ್ವಾ ಅಂತ ಮನಸಿನಾಗ ಅಂದು ಅತ್ಲಾಗ ನಡದಿದ್ದೆ.”

ಮಾವ ಒಮ್ಮೆ ಮನೆಯ ಬಾಗಿಲ ಕಡೆ ನೋಡಿದರು.

“ಅಷ್ಟರಾಗ ಇಕಿ ಏನ್ರೀ ಅಂದಳು. ಇತ್ಲಾಗ ಹೊಳ್ಳಿದೆ,” ಎಂದರು. ಆಮೇಲೆ, “ಅಕಿಗೆ ಹೇಳಬ್ಯಾಡ. ನೀನೂ ಕೇಳಿಲ್ಲ,” ಎಂದರು.

ನಾನು ಕೇಳಿಲ್ಲ ಎಂದೆ. ಒಳಗಿನಿಂದ ಅತ್ತೆ, ಏನ್ರೀ, ಬಾಗಲಾ ತಗದಿಟ್ಟು ಎಲ್ಲಿ ಹೋದ್ರಿ ಎಂದು ಕೂಗಿದರು. ಮಾವ ಮೊದಲ ಕೂಗಿಗೇ ಹೋದರು.